ಸಂಡೂರು: ಅದಿರಿನ ಗುಡ್ಡ, ಹಸಿರು ಕಣಿವೆ, ನಡುವೆ ಒಂದು ಊರು

ಬಳ್ಳಾರಿ ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಸುಡುವ ಬಿಸಿಲು, ಕಪ್ಪು ನೆಲ, ಗುಂಡುಕಲ್ಲಿನ ಗುಡ್ಡ. ಅದೇ ಜಿಲ್ಲೆಯಲ್ಲಿ, ಬಳ್ಳಾರಿ ಪೇಟೆಯಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸಂಡೂರು ಇದೆ. ಮಳೆ ಬಿದ್ದ ಮೇಲೆ ಅಲ್ಲಿಗೆ ಹೋದರೆ ಮಲೆನಾಡಿನ ಯಾವುದೋ ಮೂಲೆಗೆ ಬಂದ ಹಾಗೆ ಅನಿಸುತ್ತದೆ. ಎರಡೂ ಕಡೆ ಉದ್ದಕ್ಕೆ ಗುಡ್ಡದ ಸಾಲು, ಮೈತುಂಬ ಹುಲ್ಲು ಮತ್ತು ಕಾಡು, ತಗ್ಗಿನಲ್ಲಿ ಹೊಲ, ಹಳ್ಳ, ಊರು. ಅದೇ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದರೆ ಕೆಂಪಗೆ ಕೊರೆದ ಮೆಟ್ಟಿಲುಗಳು, ಟಿಪ್ಪರ್‌ಗಳ ಸಾಲು.

ಈ ಎರಡು ಮುಖ ಬೇರೆ ಬೇರೆ ಕಥೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ನಿಸರ್ಗದ ಸೊಬಗು ಒಂದು ಕಡೆ, ಗಣಿಗಾರಿಕೆ ಇನ್ನೊಂದು ಕಡೆ, ದುರದೃಷ್ಟಕ್ಕೆ ಎರಡೂ ಒಂದೇ ಜಾಗದಲ್ಲಿ ಸೇರಿಕೊಂಡಿವೆ ಅನ್ನುವ ಹಾಗೆ. ನನ್ನ ಪ್ರಕಾರ ಅದು ತಪ್ಪು ತಿಳುವಳಿಕೆ. ಸಂಡೂರಿನ ಹಸಿರಿಗೂ ಅದಿರಿಗೂ ಮೂಲ ಒಂದೇ ಕಲ್ಲು. ಊರಿನ ನೀರು, ಅದರ ಹಳೆಯ ರಾಜ್ಯ, ದೇವರು, ದುಡ್ಡು, ಜಗಳ ಎಲ್ಲವೂ ಆ ಕಲ್ಲಿಗೇ ಹೋಗಿ ಮುಟ್ಟುತ್ತವೆ.

ಬಳ್ಳಾರಿ ಸುತ್ತಲಿನ ಬಯಲಿನಲ್ಲಿ ಕಾಣುವುದು ಗ್ರಾನೈಟ್, ಅಂದರೆ ಕಣಶಿಲೆ. ಅದು ಬಿರುಕು ಬಿಟ್ಟು, ಅಂಚು ಸವೆದು, ದುಂಡಗಿನ ಬಂಡೆಗಳ ರಾಶಿಯಾಗಿ ನಿಲ್ಲುತ್ತದೆ. ಬಳ್ಳಾರಿ ಕೋಟೆ ಗುಡ್ಡ, ಹಂಪಿಯ ಗುಡ್ಡಗಳು ಎಲ್ಲ ಇದೇ ಜಾತಿ. ಸಂಡೂರಿನ ಗುಡ್ಡ ಬೇರೇನೇ. ದೂರದಿಂದ ನೋಡಿದರೆ ಅದರ ನೆತ್ತಿ ಮೈಲಿಗಟ್ಟಲೆ ಸಮನಾಗಿ ಓಡುತ್ತದೆ. ಗುಂಡುಕಲ್ಲು ಕಾಣುವುದಿಲ್ಲ. ಭೂವಿಜ್ಞಾನಿಗಳು ಇದನ್ನು ಧಾರವಾಡ ಶಿಲಾವರ್ಗಕ್ಕೆ ಸೇರಿಸುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಈ ಸೀಮೆಯನ್ನೆಲ್ಲ ಅಲೆದು ಈ ಕಲ್ಲುಗಳಿಗೆ ಆ ಹೆಸರು ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್.

ಈ ಕಲ್ಲು ಹುಟ್ಟಿದ್ದು ನೀರಿನೊಳಗೆ. ಸುಮಾರು 270 ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿಕೊಂಡೇ ಇರುತ್ತಿತ್ತು. ಆಮ್ಲಜನಕ ಸಿಕ್ಕಾಗ ಅದು ತುಕ್ಕಾಗಿ ತಳಕ್ಕೆ ಕೂರುತ್ತಿತ್ತು. ನಡುನಡುವೆ ಸಿಲಿಕಾ, ಅಂದರೆ ಮರಳಿನ ಮೂಲವಸ್ತು, ಕೂರುತ್ತಿತ್ತು. ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಮತ್ತೆ ಕಬ್ಬಿಣ. ಈಗಲೂ ರಸ್ತೆ ಕಡಿದ ಜಾಗದಲ್ಲಿ ಗಮನಿಸಿದರೆ ಆ ಪಟ್ಟೆಗಳು ಬರಿಗಣ್ಣಿಗೆ ಕಾಣುತ್ತವೆ. ಕಡುಕೆಂಪು ಗೆರೆ, ಅದರ ಪಕ್ಕ ಬೂದು ಗೆರೆ, ಕೆಲವು ಕಡೆ ಬೆರಳಿಗಿಂತ ತೆಳ್ಳಗೆ. ಒಂದು ತುಂಡು ಕೈಗೆತ್ತಿಕೊಂಡರೆ ಸಾಕು, ಕಣಶಿಲೆಗಿಂತ ಎಷ್ಟು ಭಾರ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಒದ್ದೆ ಕೈಯಲ್ಲಿ ಹಿಡಿದರೆ ಅಂಗೈ ಕುಂಕುಮ ಹಚ್ಚಿದ ಬಣ್ಣಕ್ಕೆ ತಿರುಗುತ್ತದೆ.

ಮುಂದೆ ಭೂಮಿಯ ಒತ್ತಡಕ್ಕೆ ಈ ಪದರಗಳೆಲ್ಲ ಮಡಚಿದ ಕೌದಿಯ ಹಾಗೆ ಮಡಿಕೆ ಬಿದ್ದವು. ಕೆಲವು ಪದರ ಹೆಚ್ಚುಕಡಿಮೆ ನೆಟ್ಟಗೆ ಎದ್ದು ನಿಂತವು. ಪಟ್ಟೆಕಲ್ಲು ಬಲು ಗಟ್ಟಿ. ಅದರ ನಡುವೆ ಇದ್ದ ಬೇರೆ ಕಲ್ಲುಗಳು ಮೆದು. ಮಳೆಗಾಳಿಗೆ ಮೆದು ಕಲ್ಲು ಸವೆದು ತಗ್ಗಾಯಿತು, ಗಟ್ಟಿ ಕಲ್ಲು ಗೋಡೆಯಾಗಿ ಉಳಿಯಿತು. ಸಂಡೂರು ಕಣಿವೆ ಅಂದರೆ ಆ ಸವೆದ ತಗ್ಗು. ವಾಯವ್ಯದಿಂದ ಆಗ್ನೇಯಕ್ಕೆ ಹಬ್ಬಿದ ಎರಡು ಸಾಲು ಅಂದರೆ ಆ ಉಳಿದ ಗೋಡೆಗಳು.

ಇನ್ನೊಂದು ಸಂಗತಿ ಗಣಿಯವರಿಗೆ ಮುಖ್ಯವಾದದ್ದು. ಪಟ್ಟೆಕಲ್ಲನ್ನು ಹಾಗೇ ಒಲೆಗೆ ಹಾಕಿದರೆ ಲಾಭವಿಲ್ಲ, ಅದರಲ್ಲಿ ಸಿಲಿಕಾ ಜಾಸ್ತಿ. ಆದರೆ ಗುಡ್ಡದ ನೆತ್ತಿಯ ಹತ್ತಿರ ಕೋಟಿಗಟ್ಟಲೆ ವರ್ಷ ಮಳೆನೀರು ಇಳಿದಿಳಿದು ಸಿಲಿಕಾವನ್ನು ತೊಳೆದುಕೊಂಡು ಹೋಯಿತು. ಉಳಿದದ್ದು ನೂರಕ್ಕೆ ಅರವತ್ತು ಭಾಗಕ್ಕೂ ಮೇಲೆ ಕಬ್ಬಿಣವಿರುವ ಹೆಮಟೈಟ್ ಅದಿರು. ಅದಕ್ಕೇ ಇಲ್ಲಿ ಗಣಿ ಅಂದರೆ ಪಾತಾಳಕ್ಕೆ ಇಳಿಯುವ ಸುರಂಗ ಅಲ್ಲ. ಗುಡ್ಡದ ತಲೆಯನ್ನೇ ಮೇಲಿನಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ತೆಗೆಯುತ್ತಾ ಬರುವುದು.

ಸಿಲಿಕಾ ಹೋದ ಜಾಗದಲ್ಲಿ ಏನುಳಿಯಿತು? ಸಂದು, ತೂತು, ಬಿರುಕು. ಅಲ್ಲಿ ನೀರು ಇಳಿಯುತ್ತದೆ, ನಿಲ್ಲುತ್ತದೆ, ನಿಧಾನಕ್ಕೆ ಜಿನುಗುತ್ತದೆ. ಈ ಗುಡ್ಡಗಳ ನೆತ್ತಿ ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನಲ್ಲಿದೆ. ಬಯಲಿಗಿಂತ ಇಲ್ಲಿ ಮಳೆ ಜಾಸ್ತಿ. ಬಿದ್ದ ಮಳೆಯನ್ನು ಹುಲ್ಲು, ಕಾಡು, ಮೇಲ್ಮಣ್ಣು ತಡೆದು ಹಿಡಿಯುತ್ತವೆ. ಅದಿರಿನ ಪದರ ಒಳಗೆ ಎಳೆದುಕೊಳ್ಳುತ್ತದೆ. ಬುಡದಲ್ಲಿ ಎಲ್ಲೋ ಒಂದು ಕಡೆ ಅದು ಒರತೆಯಾಗಿ ಹೊರಗೆ ಬರುತ್ತದೆ. ಜನ ಅಲ್ಲೊಂದು ಗುಡಿ ಕಟ್ಟಿ ತೀರ್ಥ ಅನ್ನುತ್ತಾರೆ. ಹರಿಶಂಕರ ತೀರ್ಥಕ್ಕೆ ಹೋಗಿ ನೋಡಿ. ಕಾಡಿನ ನೆರಳಿನಲ್ಲಿ ಕಲ್ಲಿನ ಸಂದಿಯಿಂದ ತಣ್ಣಗಿನ ನೀರು ಬರುತ್ತದೆ. ಅಂದರೆ ಕಂಪನಿಗಳಿಗೆ ಬೇಕಾದ ಪದರವೂ ಒರತೆಗಳಿಗೆ ಬೇಕಾದ ಪದರವೂ ಒಂದೇ. ಸಂಡೂರಿನ ಜಗಳದ ಬೇರು ಇದು. ಇದನ್ನು ಬಿಟ್ಟು ಸುಮ್ನೆ ಮರಗಳ ಲೆಕ್ಕ ಹಾಕುತ್ತಾ ಕೂತರೆ ವಿಷಯ ಅರ್ಧವೇ ಅರ್ಥವಾಗುತ್ತದೆ.

ಕಣಿವೆಯ ನೀರೆಲ್ಲ ಸೇರುವುದು ನಾರಿಹಳ್ಳಕ್ಕೆ. ಈ ಹಳ್ಳದ ದಾರಿ ವಿಚಿತ್ರ. ಅದು ಗುಡ್ಡದ ಸಾಲಿನ ಜೊತೆಗೆ ಹರಿಯುವುದಿಲ್ಲ, ಸಾಲನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಪಶ್ಚಿಮದ ಗೋಡೆಯಲ್ಲಿ ಅದು ಕೊರೆದ ಸಂದು ಭೀಮಗಂಡಿ, ಪೂರ್ವದ ಗೋಡೆಯಲ್ಲಿ ಓಬಳಗಂಡಿ. ಇವೆರಡರಲ್ಲಿ ಓಬಳಗಂಡಿಯ ನೋಟ ದೊಡ್ಡದು. ಊರಿನಿಂದ ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಎರಡೂ ಬದಿಗೆ ಕಡುಗೆಂಪು, ನೇರಳೆ ಬಣ್ಣದ ಹೆಮಟೈಟ್ ಬಂಡೆ ನೆಟ್ಟಗೆ ಎದ್ದಿದೆ. ಸುಮಾರು 180 ಅಡಿ ಎತ್ತರ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಮಧ್ಯೆ ಹಳ್ಳಕ್ಕೆ ಹೋಗುವಷ್ಟು ಸಂದು. ಅಷ್ಟು ಗಟ್ಟಿ ಕಲ್ಲನ್ನು ಇಷ್ಟು ಚಿಕ್ಕ ಹಳ್ಳ ಕೊರೆದಿದೆ ಅಂದರೆ ಅದಕ್ಕೆ ಎಷ್ಟು ಕಾಲ ಹಿಡಿದಿರಬೇಕು! ಆ ನೀರು ಮುಂದೆ ತಾರಾನಗರದ ಜಲಾಶಯ ತುಂಬಿ, ದರೋಜಿ ಕೆರೆಯ ಕಡೆಗೆ ಸಾಗುತ್ತದೆ. ಹಾಗಾಗಿ ಸಂಡೂರಿನ ಗುಡ್ಡದ ಮೇಲೆ ಏನಾದರೂ ಆದರೆ ಅದರ ಪರಿಣಾಮ ಕಣಿವೆಯಾಚೆಯ ಗದ್ದೆಗೂ ಮುಟ್ಟುತ್ತದೆ.

ಗೋಡೆ ಇದೆ, ಬಾಗಿಲು ಕಡಿಮೆ. ಇಂಥ ಜಾಗ ಆಳುವವರ ಕಣ್ಣಿಗೆ ಬೀಳದೇ ಇರುತ್ತದಾ? 18ನೇ ಶತಮಾನದ ಮೊದಲ ಭಾಗದಲ್ಲಿ ಜರಿಮಲೆಯ ಬೇಡ ಪಾಳೆಯಗಾರರಿಂದ ಈ ಕಣಿವೆಯನ್ನು ಮರಾಠರ ಘೋರ್ಪಡೆ ಮನೆತನ ಕಿತ್ತುಕೊಂಡಿತು. ನಡುವೆ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಕೈತಪ್ಪಿ, ಮತ್ತೆ ಸಿಕ್ಕಿತು. 1817ರಲ್ಲಿ ಪೇಶ್ವೆಯ ಪರವಾಗಿ ಥಾಮಸ್ ಮನ್ರೋ ದಂಡು ತಂದಾಗ ಆಗಿನ ರಾಜ ಶಿವರಾವ್ ಜಗಳಕ್ಕಿಳಿಯದೆ ಕೋಟೆ ಬಿಟ್ಟುಕೊಟ್ಟ. ಪೇಶ್ವೆಯೇ ಬಿದ್ದುಹೋದ ಮೇಲೆ, 1818ರಲ್ಲಿ, ಅವನಿಗೇ ರಾಜ್ಯ ವಾಪಸು ಬಂತು. ಹೀಗೆ ಸುತ್ತಲಿನ ಬಳ್ಳಾರಿ ಜಿಲ್ಲೆ ಮದರಾಸು ಸರ್ಕಾರದ ಕೈಯಲ್ಲಿದ್ದರೂ, ನಡುವೆ ಸುಮಾರು 430 ಚದರ ಕಿಲೋಮೀಟರಿನ ಈ ಪುಟ್ಟ ಸಂಸ್ಥಾನ ಉಳಿದುಕೊಂಡಿತು. ಸಂಡೂರು ಭಾರತಕ್ಕೆ ವಿಲೀನವಾಗಿದ್ದು 1949ರ ಏಪ್ರಿಲ್ 1ರಂದು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿಯ ಜೊತೆ ಮೈಸೂರು ರಾಜ್ಯಕ್ಕೆ ಬಂತು. ಊರಿನ ಮಾತಿನಲ್ಲಿ ಇವತ್ತಿಗೂ ಕನ್ನಡ, ತೆಲುಗು, ಉರ್ದು, ಲಂಬಾಣಿಯ ಜೊತೆಗೆ ಮರಾಠಿ ಕಿವಿಗೆ ಬೀಳುವುದು ಈ ಚರಿತ್ರೆಯಿಂದಲೇ.

ಬ್ರಿಟಿಷರಿಗೂ ಈ ಗುಡ್ಡ ಬೇಕಾಗಿತ್ತು, ಆದರೆ ಅದಿರಿಗಲ್ಲ. ಬಳ್ಳಾರಿಯಲ್ಲಿ ಅವರ ದೊಡ್ಡ ದಂಡು ಇತ್ತು. ಬಿಸಿಲಿಗೆ, ಜ್ವರಕ್ಕೆ ಸೈನಿಕರು ಕಂಗಾಲಾಗುತ್ತಿದ್ದರು. ಸಂಡೂರಿನ ಮೇಲಿರುವ ರಾಮನದುರ್ಗ 3,000 ಅಡಿಗೂ ಎತ್ತರ, ಬೇಸಿಗೆಯಲ್ಲೂ ತಂಪು. 1840ರ ದಶಕದಲ್ಲಿ ರಾಜನಿಂದ ಒಪ್ಪಿಗೆ ಪಡೆದು ಅಲ್ಲಿ ಸೈನಿಕರ ಆರೈಕೆಯ ಠಾಣೆ ಮಾಡಿದರು. ಊಟಿ, ಕೊಡೈಕೆನಾಲ್ ಹೆಸರು ಎಲ್ಲರಿಗೂ ಗೊತ್ತು. ನಮ್ಮ ಬಳ್ಳಾರಿಗೂ ಒಂದು ಗಿರಿಧಾಮ ಇತ್ತು ಅನ್ನುವುದು ಬಳ್ಳಾರಿಯ ಎಷ್ಟು ಮಂದಿಗೆ ಗೊತ್ತು ಹೇಳಿ? ಆಗಿನವರ ಗೋರಿಗಳು ಅಲ್ಲಿ ಇನ್ನೂ ಇವೆ.

ಗುಡ್ಡದ ದೇವರು ಕುಮಾರಸ್ವಾಮಿ. ತಾರಕಾಸುರನನ್ನು ಕೊಂದ ಮೇಲೆ ಕ್ರೌಂಚಗಿರಿಯಲ್ಲಿ, ಅಂದರೆ ಈ ಗುಡ್ಡದಲ್ಲಿ, ನೆಲೆಸಿದ ಅನ್ನುವುದು ನಂಬಿಕೆ. ಕಾಡಿನ ನಡುವೆ ಕುಮಾರಸ್ವಾಮಿಯ ಗುಡಿ, ಅದರ ಪಕ್ಕದಲ್ಲೇ ತಾಯಿ ಪಾರ್ವತಿಯ ಗುಡಿ. ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ ಕಟ್ಟಡ ಶೈಲಿಯದು, ಇಡೀ ಜಿಲ್ಲೆಯಲ್ಲೇ ಬಲು ಹಳೆಯದು. ಸಂಸ್ಥಾನದ ಕೊನೆಯ ರಾಜ ಯಶವಂತರಾವ್ ಘೋರ್ಪಡೆ 1932ರಲ್ಲಿ ದಲಿತರಿಗೆ ಈ ದೇವಸ್ಥಾನದ ಬಾಗಿಲು ತೆಗೆಸಿದರು. ತಿರುವಾಂಕೂರಿನ ಹೆಸರಾದ ದೇಗುಲ ಪ್ರವೇಶದ ಆಜ್ಞೆ ಬಂದದ್ದು 1936ರಲ್ಲಿ, ಅಂದರೆ ಇದಾದ ನಾಲ್ಕು ವರ್ಷಕ್ಕೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದದ್ದಕ್ಕೆ ಈ ಹಿನ್ನೆಲೆಯಿತ್ತು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಅವರು ಹೇಳಿದರು ಅಂತ ಊರವರು ಇಂದಿಗೂ ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಬಳ್ಳಾರಿ ಸೀಮೆಗೆ ಒಳ್ಳೆಯ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದೇ ಗುಡಿಯೊಳಗೆ ಹೆಂಗಸರು ಹೋಗಬಾರದು ಅನ್ನುವ ಹಳೆಯ ಕಟ್ಟಳೆಯೂ ನಡೆದುಬಂದಿದೆ ಅನ್ನುವುದನ್ನು ಇಲ್ಲಿ ಬಿಟ್ಟು ಬರೆದರೆ ಅದು ಪೂರ್ತಿ ಚಿತ್ರವಾಗುವುದಿಲ್ಲ.

ರಾಜ್ಯ ಹೋದರೂ ಭೂಮಿಯ ಪ್ರಶ್ನೆ ಉಳಿಯಿತು. ಉತ್ತವರ ಕೈಗೆ ಇನಾಮು ಭೂಮಿ ಸಿಗಬೇಕು ಎಂದು 1973ರಲ್ಲಿ ಸಂಡೂರಿನ ರೈತರು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿಗಳು ಬೆನ್ನಿಗೆ ನಿಂತರು, ಜನ ಸಾಲುಸಾಲಾಗಿ ಜೈಲಿಗೆ ಹೋದರು. ಆ ಕಾಲಕ್ಕೆ ರಾಜಮನೆತನದ ಎಂ. ವೈ. ಘೋರ್ಪಡೆ ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿ. ಕಾಗೋಡಿನ ರೈತ ಸತ್ಯಾಗ್ರಹದ ಹೆಸರು ಹೇಳುವ ನಾವು ಸಂಡೂರಿನ ಹೋರಾಟವನ್ನು ಅಷ್ಟಾಗಿ ನೆನೆಯುವುದಿಲ್ಲ. ಅದು ಆಗಬೇಕಾದ ಕೆಲಸ. ಸಂಡೂರಿನ ಜನ ಸೌಮ್ಯ, ಯಾವುದಕ್ಕೂ ತಲೆ ಹಾಕುವುದಿಲ್ಲ ಅನ್ನುವವರಿಗೆ 1973 ಒಂದೇ ಉತ್ತರ ಸಾಕು.

ಈಗ ಗಣಿಗೆ ಬರೋಣ. ಇಲ್ಲಿ ಗಣಿಗಾರಿಕೆ ನಿನ್ನೆ ಮೊನ್ನೆಯದಲ್ಲ. 20ನೇ ಶತಮಾನದ ಆರಂಭದಲ್ಲೇ ಮ್ಯಾಂಗನೀಸ್ ತೆಗೆಯುತ್ತಿದ್ದರು. 1954ರಲ್ಲಿ ಘೋರ್ಪಡೆ ಮನೆತನದ ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾಯಿತು. 1977ರಲ್ಲಿ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿ ಎನ್‌ಎಂಡಿಸಿ ಕಬ್ಬಿಣದ ಅದಿರು ತೆಗೆಯಲು ಹಿಡಿಯಿತು. ಕಾಲೊನಿ, ಶಾಲೆ, ಆಸ್ಪತ್ರೆ ಬಂದವು. ಮೈನ್ಸ್‌ನಲ್ಲಿ ಕೆಲಸ ಅಂದರೆ ತಿಂಗಳ ಸಂಬಳ ಅನ್ನುವ ಭರವಸೆ ಹುಟ್ಟಿತು. ಗುಡ್ಡ ಕರಗುತ್ತಿತ್ತು ನಿಜ. ಆದರೆ ಅದರ ವೇಗ ಒಂದು ಹದದಲ್ಲಿತ್ತು.

2003ರ ಆಚೆಗೆ ಆ ವೇಗ ಹದ ತಪ್ಪಿತು. ಚೀನಾದಲ್ಲಿ ಉಕ್ಕಿನ ಬೇಡಿಕೆ ಏರಿತು, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಕಟ್ಟಡಗಳು ಏಳುತ್ತಿದ್ದವು. ಅದಿರಿನ ಬೆಲೆ ಹಲವು ಪಟ್ಟು ಹೆಚ್ಚಿತು. ಹಿಂದೆ ಕೆಲಸಕ್ಕೆ ಬಾರದ್ದು ಎಂದು ಬದಿಗೆ ಸುರಿದಿದ್ದ ಪುಡಿ ಅದಿರಿಗೆ, ಅಂದರೆ ಫೈನ್ಸ್‌ಗೆ, ಏಕಾಏಕಿ ಗಿರಾಕಿ ಬಂದ. ಗುಡ್ಡದ ಬುಡದ ಹೊಲಗಳಲ್ಲಿ ಮೇಲ್ಮಣ್ಣಿನ ಜೊತೆಯೇ ಸಿಗುವ ಅದಿರಿನ ಹರಳಿಗೂ ಬೆಲೆ ಬಂತು. ಜೋಳ, ಮೆಕ್ಕೆಜೋಳ ಬೆಳೆಯುತ್ತಿದ್ದ ಹೊಲಗಳು ಅಗೆಯುವ ಜಾಗವಾದವು, ಇಲ್ಲವೇ ಸ್ಟಾಕ್ ಯಾರ್ಡ್ ಆದವು. ಸಾಲ ಮಾಡಿ ಲಾರಿ ಕೊಂಡವರೆಷ್ಟೋ. ಲೋಡಿನ ಲೆಕ್ಕ, ಪರ್ಮಿಟ್ಟಿನ ಲೆಕ್ಕ ಗೊತ್ತಿಲ್ಲದ ಹುಡುಗ ಊರಲ್ಲಿ ಸಿಗುವುದು ಕಷ್ಟವಾಯಿತು.

ಆ ದಿನಗಳ ಧೂಳನ್ನು ಕಾಣದವರಿಗೆ ವಿವರಿಸುವುದು ಸುಲಭವಲ್ಲ. ಅದು ಹೊಲದ ಮಣ್ಣಿನ ಧೂಳಿನ ಹಾಗೆ ಜಾಡಿಸಿದರೆ ಹೋಗುವುದಿಲ್ಲ. ನುಣ್ಣಗೆ, ಭಾರವಾಗಿ, ಜಿಡ್ಡಿನ ಹಾಗೆ ಅಂಟಿಕೊಳ್ಳುತ್ತದೆ. ರಸ್ತೆ ಬದಿಯ ಬೇವಿನ ಮರದ ಎಲೆ ಕೆಂಪು, ಹೋಟೆಲಿನ ಮುಂದೆ ಮಿರ್ಚಿ ಒಗ್ಗಾಣಿ ಇಡುವ ಗಾಜಿನ ಪೆಟ್ಟಿಗೆ ಕೆಂಪು, ಒಣಹಾಕಿದ ಬಿಳಿ ಅಂಗಿ ಎರಡು ಒಗೆತಕ್ಕೆ ಕೆಂಪು. ಬೆಳೆಯ ಎಲೆಯ ಮೇಲೆ ಕೂತರೆ ಇಳುವರಿ ಬೀಳುತ್ತದೆ, ದನ ಆ ಮೇವು ಮೂಸುವುದಿಲ್ಲ. ಮಳೆ ಬಂದರೆ ಹಳ್ಳ ಕೆಂಪು ನೀರು ಹರಿಸುತ್ತದೆ, ಕೆರೆಯ ತಳದಲ್ಲಿ ಹೂಳು ಏರುತ್ತದೆ.

ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2008ರಲ್ಲಿ ಒಂದು, 2011ರಲ್ಲಿ ಇನ್ನೊಂದು ವರದಿ ಕೊಟ್ಟರು. 2006ರಿಂದ 2010ರ ನಡುವೆ ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಎರಡನೆಯ ವರದಿ ಅಂದಾಜು ಮಾಡಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಗೆ ತಡೆ ಹಾಕಿತು.

ಮುಂದಿನ ತೀರ್ಪು ಬಂದದ್ದು 2013ರ ಏಪ್ರಿಲ್ 18ಕ್ಕೆ. ಅದರ ತಿರುಳನ್ನು ಸರಳವಾಗಿ ಹೇಳುವುದಾದರೆ, ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಗುತ್ತಿಗೆಯ ಗಡಿ ದಾಟದವರು, ಅಥವಾ ತೀರಾ ಅಲ್ಪ ತಪ್ಪಿನವರು ಎ. ಗಡಿಯಾಚೆ ಒಂದು ಮಿತಿಯೊಳಗೆ ಅಗೆದವರು, ತ್ಯಾಜ್ಯ ಸುರಿದವರು ಬಿ. ಅವರು ದಂಡ ಕಟ್ಟಿ, ನೆಲ ಸರಿಪಡಿಸುವ ಯೋಜನೆ ಒಪ್ಪಿಕೊಂಡು ಕೆಲಸ ಶುರು ಮಾಡಬಹುದು. ಮಿತಿ ಮೀರಿ ನುಂಗಿದವರು ಸಿ. ಅವರ ಗುತ್ತಿಗೆಯೇ ರದ್ದು. ಜೊತೆಗೆ ಜಿಲ್ಲೆಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮಿತಿ ಬಂತು. ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಎಂದಾಯಿತು. ಈ ಮಿತಿ ಆಮೇಲೆ ಏರುತ್ತಾ ಹೋಯಿತು. 2017ರಲ್ಲಿ 2.8 ಕೋಟಿ, 2022ರಲ್ಲಿ 3.5 ಕೋಟಿ ಟನ್. ಬಹಳ ವರ್ಷದಿಂದ ನಿಂತಿದ್ದ ರಫ್ತಿಗೂ, ಇ-ಹರಾಜಿಲ್ಲದ ನೇರ ಮಾರಾಟಕ್ಕೂ 2022ರಲ್ಲಿ ಅವಕಾಶ ಸಿಕ್ಕಿತು.

ತಡೆ ಬಂದಾಗ ಊರಿಗೆ ನೆಮ್ಮದಿಯೂ ಆಯಿತು, ಪೆಟ್ಟೂ ಬಿತ್ತು. ಧೂಳು ಇಳಿಯಿತು. ಲಾರಿ ಕಂತು ಕಟ್ಟುವವರ ಕೈ ಖಾಲಿಯಾಯಿತು, ದಿನಗೂಲಿಯವರು ಊರು ಬಿಟ್ಟರು. ಗಣಿ ಬೇಕಾ ಬೇಡವಾ ಅಂತ ಸಂಡೂರಿನವರನ್ನು ಕೇಳಿದರೆ ಒಂದೇ ಮಾತಿನ ಉತ್ತರ ಸಿಗದಿರುವುದು ಇದಕ್ಕೇ. ಒಂದೇ ಮನೆಯಲ್ಲಿ ಅಪ್ಪ ಗಣಿಯ ಚೌಕಿದಾರ, ಮಗ ಗುಡ್ಡ ಉಳಿಸಿ ಅನ್ನುವ ಮೆರವಣಿಗೆಯಲ್ಲಿ ಇರಬಹುದು. ಇಬ್ಬರದ್ದೂ ಸುಳ್ಳಲ್ಲ.

ಕೆಡಿಸಿದ ಗುಡ್ಡವನ್ನು ಸರಿಪಡಿಸಬಹುದಾ? ಒಂದಷ್ಟು. ತ್ಯಾಜ್ಯದ ರಾಶಿಯನ್ನು ಮೆಟ್ಟಿಲಾಗಿ ಕಡಿದು ಇಳಿಜಾರು ತಗ್ಗಿಸುತ್ತಾರೆ. ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲಿನ ಬೀಜ ಬಿತ್ತುತ್ತಾರೆ. ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತಲೂ ಕಾಲುವೆ, ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ. ಹೂಳು ಅಲ್ಲೇ ನಿಲ್ಲುತ್ತದೆ, ಕೆರೆಗೆ ಹೋಗುವುದಿಲ್ಲ. ಗಣಿ ಬಾಧಿತ ಹಳ್ಳಿಗಳ ಕೆಲಸಕ್ಕೆಂದೇ ಸರ್ಕಾರದ ನಿಗಮವಿದೆ, ಅದಿರು ಮಾರಿದ ಹಣದಲ್ಲಿ ಒಂದು ಪಾಲು ಅದಕ್ಕೆ ಸೇರುತ್ತದೆ. ಇವೆಲ್ಲ ಆಗಲೇಬೇಕಾದ ಕೆಲಸ. ಆದರೆ ನೆತ್ತಿಯ ಅದಿರಿನ ಪದರ ಒಮ್ಮೆ ಹೋದರೆ ಹೋಯಿತು. ಅದು ಹಿಡಿದಿಡುತ್ತಿದ್ದ ನೀರನ್ನು ಚೆಕ್ ಡ್ಯಾಂ ಹಿಡಿಯಲಾರದು. ಸಸಿ ನೆಟ್ಟ ಲೆಕ್ಕ ಎಷ್ಟೇ ದೊಡ್ಡದಿರಲಿ, ಕಾಡು ಅಂದರೆ ಸಸಿಗಳ ಮೊತ್ತ ಅಲ್ಲ, ಅಲ್ವಾ?

ಗಣಿಯಾಚೆಗೂ ಊರಿಗೆ ಒಂದು ಬದುಕಿದೆ. ತಾಲೂಕಿನ ತಾಂಡಾಗಳ ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸುಶೀಲಾನಗರದಂಥ ಕಡೆ ಮನೆಯ ಕಟ್ಟೆಯ ಮೇಲೆ ಈ ಕೆಲಸ ನಡೆಯುತ್ತದೆ. ಗಾಢ ಬಣ್ಣದ ಹತ್ತಿ ಬಟ್ಟೆ, ಅದರ ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯ, ಬಗೆಬಗೆಯ ಹೊಲಿಗೆ. ಕನ್ನಡಿ ಚೂರಿಗೆ ಅಂಟು ಹಾಕುವುದಿಲ್ಲ. ಸುತ್ತಲೂ ದಾರದ ಚೌಕಟ್ಟು ಹೆಣೆದು, ಆ ಬಿಗಿತದಲ್ಲೇ ಅದನ್ನು ನಿಲ್ಲಿಸುತ್ತಾರೆ. ಸಂಡೂರು ಕುಶಲ ಕಲಾ ಕೇಂದ್ರ ಹಲವು ದಶಕಗಳಿಂದ ಈ ಕೆಲಸಕ್ಕೆ ಮಾರುಕಟ್ಟೆ ಕೊಟ್ಟಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಅದಿರಿನ ಬೆಲೆ ಬಿದ್ದಾಗಲೂ ನಿಲ್ಲದ ದುಡಿಮೆ ಇದು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಸದ್ಯದ ದೊಡ್ಡ ಪ್ರಶ್ನೆ ದೇವದಾರಿ ಗುಡ್ಡದ್ದು. ಕುದುರೆಮುಖದಲ್ಲಿ ಗಣಿ ನಿಂತ ಮೇಲೆ ಕೇಂದ್ರ ಸರ್ಕಾರದ ಕೆಐಒಸಿಎಲ್ ಕಂಪನಿಗೆ ಅದಿರು ಬೇಕಿತ್ತು. ಅದಕ್ಕಾಗಿ ದೇವದಾರಿಯಲ್ಲಿ ಸುಮಾರು 401 ಹೆಕ್ಟೇರ್ ಅರಣ್ಯ ಕೊಡುವ ಯೋಜನೆ ಬಂತು. ಕಡಿಯಬೇಕಾದ ಮರ ಹತ್ತಿರ ಹತ್ತಿರ ಒಂದು ಲಕ್ಷ. ಅಲ್ಲಿ ಉಳಿದಿರುವುದು ಹಿಂದೆಂದೂ ಅಗೆಯದ ಕಾಡು. ಊರಿನವರು, ಪರಿಸರದವರು ವಿರೋಧಿಸಿದರು. 2024ರ ಜೂನ್‌ನಲ್ಲಿ ಕೇಂದ್ರದ ಉಕ್ಕು ಮಂತ್ರಿ ಕಡತಕ್ಕೆ ಸಹಿ ಹಾಕಿದಾಗ ವಿಷಯ ರಾಜ್ಯವಿಡೀ ಸುದ್ದಿಯಾಯಿತು. ಕುದುರೆಮುಖದ ಅರಣ್ಯಕ್ಕಾಗಿ ಕಂಪನಿ ಕೊಡಬೇಕಾದ ಹಳೆಯ ಬಾಕಿ ತೀರುವವರೆಗೆ ಅರಣ್ಯ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಮಂತ್ರಿ ತಮ್ಮ ಇಲಾಖೆಗೆ ಸೂಚಿಸಿದರು.

ಆ ಚರ್ಚೆಯಲ್ಲಿ ಕೇಳಿದ್ದೆಲ್ಲ ಮರ ಎಷ್ಟು, ಉದ್ಯೋಗ ಎಷ್ಟು, ರಾಜಸ್ವ ಎಷ್ಟು ಅನ್ನುವ ಲೆಕ್ಕ. ಗುಡ್ಡದ ಬುಡದ ಒರತೆಗಳ ಲೆಕ್ಕ ಕಿವಿಗೆ ಬೀಳಲಿಲ್ಲ. ಯಾವ ತೀರ್ಥದಲ್ಲಿ ಮೇ ತಿಂಗಳಲ್ಲಿ ಎಷ್ಟು ನೀರು, ಸೆಪ್ಟೆಂಬರಿನಲ್ಲಿ ಎಷ್ಟು? ಅದರಲ್ಲಿ ನಾರಿಹಳ್ಳಕ್ಕೆ ಸೇರುವುದೆಷ್ಟು? ಸುತ್ತಲಿನ ಹಳ್ಳಿಗಳ ಬೋರ್‌ವೆಲ್ ನೀರು ಯಾವ ಗುಡ್ಡದಿಂದ ಬರುತ್ತಿದೆ? ಇದನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ತಿಂಗಳಿಗೊಮ್ಮೆ ಒಂದು ಬಕೆಟ್, ಒಂದು ಗಡಿಯಾರ, ಬರೆದಿಡಲು ಒಂದು ಪುಸ್ತಕ ಸಾಕು. ಸಂಡೂರಿನ ಶಾಲೆ ಕಾಲೇಜಿನ ಮಕ್ಕಳೇ ಮೇಷ್ಟ್ರ ಜೊತೆ ಹೋಗಿ ಮಾಡಬಹುದು, ಪಂಚಾಯಿತಿ ಅದನ್ನು ದಾಖಲೆಯಾಗಿ ಇಟ್ಟುಕೊಳ್ಳಬಹುದು. ಮುಂದಿನ ಸಲ ಯಾವುದಾದರೂ ಗುಡ್ಡದ ಕಡತ ಬೆಂಗಳೂರಿಗೋ ದೆಹಲಿಗೋ ಹೋಗುವಾಗ ಆ ಪುಸ್ತಕದ ನಕಲು ಅದರ ಜೊತೆ ಹೋಗಬೇಕು.